ತುರಿಕೆ ಕೈಯಲ್ಲಿ, ಮೂಲ ಕಾಲಲ್ಲಿ

ಕೈಬೆರಳಲ್ಲಿ ಗುಳ್ಳೆ ಎದ್ದು, ತಿಂಗಳುಗಟ್ಟಲೆ ತುರಿಸಿ, ಯಾವ ಮುಲಾಮಿಗೂ ಬಗ್ಗದೆ ಕಂಗಾಲಾಗಿರುವವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಆಷಾಢದಲ್ಲಿ ಶುರುವಾದ ನನ್ನ ತುರಿಕೆ ಪೂರ್ತಿ ನಿಂತಾಗ ಸಂಕ್ರಾಂತಿ ಕಳೆದಿತ್ತು. ಅಷ್ಟೂ ದಿನ ಎಲ್ಲರೂ ಔಷಧಿ ಮಾಡಿದ್ದು ಕೈಗೆ. ಕೊನೆಗೆ ಗೊತ್ತಾಯಿತು, ಕೈಯಲ್ಲಿ ಯಾವ ಸೋಂಕೂ ಇರಲಿಲ್ಲ. ಸೋಂಕು ಇದ್ದದ್ದು ಕಾಲಿನ ಬೆರಳ ಸಂದಿಯಲ್ಲಿ. ಅದಕ್ಕೆ ಮೈ ತೋರಿಸುತ್ತಿದ್ದ ಸಿಟ್ಟು ಕೈಯಲ್ಲಿ ಗುಳ್ಳೆಯಾಗಿ ಏಳುತ್ತಿತ್ತು.

ಶುರುವಾದದ್ದು ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಸುವ ಹೊತ್ತಿಗೆ. ಮಳೆ ಸ್ವಲ್ಪ ಹೊಳವಾಗಿತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಲಸುವ ಕೆಲಸ ಪ್ರತಿ ವರ್ಷ ನನ್ನದೇ. ಅದಾಗಿ ಎರಡು ಮೂರು ದಿನಕ್ಕೆ ಬೆರಳುಗಳ ಪಕ್ಕದಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಮೇಲೆ ಉಬ್ಬಿದ ಗುಳ್ಳೆಯಲ್ಲ. ಚರ್ಮದ ಒಳಗೇ ಬೇಯಿಸಿದ ಸಬ್ಬಕ್ಕಿ ಕಾಳು ಕೂತ ಹಾಗೆ. ಹಗಲು ಹೇಗೋ ತಡೆದುಕೊಳ್ಳಬಹುದಿತ್ತು. ರಾತ್ರಿ ಹಾಸಿಗೆ ಬೆಚ್ಚಗಾದ ಕೂಡಲೇ ನವೆ ಶುರು. ತುರಿಸಿ ತುರಿಸಿ ಗುಳ್ಳೆ ಒಡೆದರೆ ನೀರು ಬಂದು ಉರಿ. ಆಮೇಲೆ ಸಿಪ್ಪೆ ಏಳುತ್ತಿತ್ತು. ಹಳೆಯದು ಒಣಗುವಷ್ಟರಲ್ಲಿ ಪಕ್ಕದಲ್ಲಿ ಹೊಸದು ರೆಡಿ.

ಮೈಲುತುತ್ತದ್ದೇ ಕೆಲಸ ಅಂತ ಎಲ್ಲರೂ ಹೇಳಿದರು. ಹೇಳದೆ ಇನ್ನೇನು ಹೇಳುತ್ತಾರೆ, ಕೈಗೆ ತಾಗಿದ್ದು ಅದೇ ಅಲ್ವಾ. ಅಮ್ಮ ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಕೈ ಅದ್ದಿಸಿದಳು. ರಾತ್ರಿ ಮುರುಗಲು ತುಪ್ಪ (ಕೋಕಂ ಬೀಜದ ಎಣ್ಣೆ) ಹಚ್ಚಿದಳು. ಬದನೆಕಾಯಿ ನಂಜು ಅಂತ ಮನೆಯಲ್ಲಿ ಬದನೆಕಾಯಿಯೇ ಬಂದ್. ಮುರುಗಲು ತುಪ್ಪಕ್ಕೆ ಒಡೆದ ಚರ್ಮ ಮೆತ್ತಗಾಗುತ್ತಿತ್ತು, ಅದು ನಿಜ. ತುರಿಕೆ ಮಾತ್ರ ಹಾಗೇ ಇತ್ತು.

ಊರಿನ ಡಾಕ್ಟರ್ ಒಂದು ಸೂಜಿ ಚುಚ್ಚಿ, ಸಿಟ್ರಿಜಿನ್ ಮಾತ್ರೆ ಕೊಟ್ಟರು. ಎರಡು ದಿನ ಸ್ವರ್ಗ. ಮೂರನೇ ದಿನ ಮೊದಲಿಗಿಂತ ಜಾಸ್ತಿ. ಮತ್ತೆ ಹೋದಾಗ ಕಜ್ಜಿ ಇರಬಹುದು ಅಂತ ಮನೆಮಂದಿಗೆಲ್ಲ ಪರ್ಮೆಥ್ರಿನ್ ಮುಲಾಮು ಬರೆದರು. ಕುತ್ತಿಗೆಯಿಂದ ಅಂಗಾಲಿನ ತನಕ ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸ್ನಾನ. ಹಾಸಿಗೆ ಹೊದಿಕೆ ಎಲ್ಲ ಬಿಸಿನೀರಿಗೆ. ಆಷಾಢದ ಮಳೆಯಲ್ಲಿ ಅಷ್ಟು ಬಟ್ಟೆ ಒಣಗಿಸುವುದು ಅಂದರೆ ನನ್ನ ಹೆಂಡತಿಗೇ ಗೊತ್ತು ಅದರ ಕಷ್ಟ. ಪ್ರಯೋಜನವಾಗಲಿಲ್ಲ.

ಪೇಟೆಯ ಮೆಡಿಕಲ್ ಶಾಪಿನಲ್ಲಿ ಕೈ ನೋಡಿದವರೇ ಒಂದು ಟ್ಯೂಬ್ ಕೊಟ್ಟರು. ಎಲ್ಲರೂ ಇದನ್ನೇ ತಗೊಂಡು ಹೋಗುತ್ತಾರೆ ಅಂದರು. ಬೆಲೆ ನೂರು ರೂಪಾಯಿಗೂ ಕಮ್ಮಿ. ಹಚ್ಚಿದ ಮಾರನೇ ದಿನಕ್ಕೆ ತುರಿಕೆ ಮಾಯ. ವಾರ ಬಿಟ್ಟು ನಿಲ್ಲಿಸಿದರೆ ವಾಪಸ್. ಈ ಟ್ಯೂಬಿನ ಬಗ್ಗೆ ಮುಂದೆ ಹೇಳುತ್ತೇನೆ, ಯಾಕಂದರೆ ನನ್ನ ಹೆಂಡತಿಗೆ ಅದು ನನಗಿಂತ ಜಾಸ್ತಿ ತೊಂದರೆ ಕೊಟ್ಟಿತು.

ಗಣೇಶನ ಹಬ್ಬ ಮುಗಿಸಿ ಶಿವಮೊಗ್ಗಕ್ಕೆ ಹೋಗಿ ಒಬ್ಬ ಚರ್ಮವೈದ್ಯರಿಗೆ ತೋರಿಸಿದೆ. ಫೀಸು 500 ರೂಪಾಯಿ. ಅವರೂ ಕೈಯನ್ನು ಚೆನ್ನಾಗಿಯೇ ನೋಡಿದರು. ಏನೇನು ಮುಟ್ಟುತ್ತೀರಿ ಅಂತ ಪಟ್ಟಿ ಮಾಡಿಸಿದರು. ಮೈಲುತುತ್ತ, ಸುಣ್ಣ, ರಾಳ, ರಬ್ಬರ್ ಕೈಗವಸು, ಸೋಪಿನ ಪುಡಿ, ಅಡಿಕೆಯ ಚೊಗರು. ಇದು ಮುಟ್ಟಿದ ವಸ್ತುವಿನ ಅಲರ್ಜಿ ಇದ್ದೀತು, ಪ್ಯಾಚ್ ಟೆಸ್ಟ್ ಮಾಡೋಣ ಅಂದರು.

ಪ್ಯಾಚ್ ಟೆಸ್ಟ್ ಮಾಡಿಸುವವರಿಗೆ ನಾಲ್ಕು ಮಾತು. ಬೆನ್ನಿಗೆ ಸಣ್ಣ ಸಣ್ಣ ಬಿಲ್ಲೆಗಳಿರುವ ಪಟ್ಟಿ ಅಂಟಿಸುತ್ತಾರೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ವಸ್ತು. 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ. ಆಮೇಲೆ ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಹಾಗಾಗಿ ಒಂದೇ ವಾರದಲ್ಲಿ ಮೂರು ಸಲ ಹೋಗಬೇಕು. ದೂರದಿಂದ ಹೋಗುವವರು ಸೋಮವಾರವೇ ಶುರು ಮಾಡಿಸಿ, ಇಲ್ಲದಿದ್ದರೆ ನಡುವೆ ಭಾನುವಾರ ಸಿಕ್ಕಿ ತೊಂದರೆ. ಅಷ್ಟು ದಿನ ಬೆನ್ನಿಗೆ ನೀರು ತಾಗಿಸಬಾರದು, ಬೆವರುವ ಕೆಲಸ ಮಾಡಬಾರದು. ಸ್ಟೀರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ, ಬೆನ್ನಿಗೆ ಸ್ಟೀರಾಯ್ಡ್ ಮುಲಾಮು ಹಚ್ಚಿದ್ದರೆ ಮೊದಲೇ ಹೇಳಬೇಕು, ಫಲಿತಾಂಶ ಏರುಪೇರಾಗುತ್ತದೆ. ನನಗೆ ಸುಮಾರು 3000 ರೂಪಾಯಿ ಆಯಿತು. ಬಸ್ಸು, ಊಟ, ತೋಟದ ಕೆಲಸ ಬಿಟ್ಟ ನಷ್ಟ ಬೇರೆ.

ಫಲಿತಾಂಶ ಏನೂ ಇಲ್ಲ. ಒಂದು ಬಿಲ್ಲೆಯೂ ಕೆಂಪಾಗಲಿಲ್ಲ. ಆವತ್ತು ಬಸ್‌ಸ್ಟ್ಯಾಂಡಿನಲ್ಲಿ ಕೂತು ನಿಜವಾಗಿ ಕಣ್ಣಲ್ಲಿ ನೀರು ಬಂತು. ಅಲರ್ಜಿ ಅಂತಾದರೂ ಬಂದಿದ್ದರೆ ಅದನ್ನು ಬಿಟ್ಟು ಬದುಕಬಹುದಿತ್ತು. ಅಡಿಕೆ ಕೊಯ್ಲು ಹತ್ತಿರ ಬರುತ್ತಿತ್ತು. ಸುಲಿಯುವ ದಿನಗಳಲ್ಲಿ ಮನೆಯವರೆಲ್ಲ ರಾತ್ರಿ ತನಕ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತೇವೆ. ಒಡೆದ ಬೆರಳಿಗೆ ಚೊಗರು ತಾಗಿದರೆ ಹೇಗಿರುತ್ತದೆ ಅಂತ ಸುಲಿದವರಿಗೆ ಗೊತ್ತು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ಒಂದು ಮದುವೆ ಮನೆಯಲ್ಲಿ ಬಡಿಸಲು ನಿಂತಾಗ ಹಿರಿಯರೊಬ್ಬರು ನನ್ನ ಕೈ ನೋಡಿ, "ನೀನು ಕೂತ್ಕೊ ಮಾರಾಯ, ಬೇರೆಯವರು ಬಡಿಸ್ತಾರೆ" ಅಂದರು. ಮೆಲ್ಲಗೇ ಹೇಳಿದರು, ಪ್ರೀತಿಯಿಂದಲೇ ಹೇಳಿದರು. ಆದರೂ ಆ ಮಾತು ಹಲವು ದಿನ ಮನಸ್ಸಲ್ಲೇ ಇತ್ತು. ಚರ್ಮದ ಕಾಯಿಲೆಯವರು ಜನರಿಂದ ಯಾಕೆ ದೂರ ಉಳಿಯುತ್ತಾರೆ ಅಂತ ನನಗೆ ಆವತ್ತು ಅರ್ಥವಾಯಿತು.

ದಸರಾ ಕಳೆದ ಮೇಲೆ ಭಾವನ ಒತ್ತಾಯಕ್ಕೆ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋದೆವು. ಹೆಂಡತಿಯೂ ಜೊತೆಗೆ ಬಂದಳು. ಇಂಥ ದೊಡ್ಡ ಆಸ್ಪತ್ರೆಗೆ ಹೋಗುವವರು ಚರ್ಮ ವಿಭಾಗದ ಹೊರರೋಗಿಗಳನ್ನು ಯಾವ ಯಾವ ದಿನ ನೋಡುತ್ತಾರೆ ಅಂತ ಮೊದಲು ಫೋನ್ ಮಾಡಿ ಕೇಳಿ. ಆಧಾರ್ ಕಾರ್ಡ್, ರೇಷನ್ ಕಾರ್ಡ್ ಎರಡರ ಜೆರಾಕ್ಸ್ ಇಟ್ಟುಕೊಳ್ಳಿ. ಆಧಾರಿಗೆ ಜೋಡಿಸಿದ ಮೊಬೈಲು ಜೊತೆಗಿರಲಿ, ನೋಂದಣಿಗೆ ಒಟಿಪಿ ಕೇಳುತ್ತಾರೆ. ಹಳೆಯ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ. ಮುಖ್ಯವಾಗಿ, ಹಚ್ಚುತ್ತಿದ್ದ ಟ್ಯೂಬುಗಳನ್ನು ಖಾಲಿಯಾಗಿದ್ದರೂ ಎಸೆಯದೆ ತಗೊಂಡು ಹೋಗಿ. ಹೆಸರು ಯಾರಿಗೂ ನೆನಪಿರುವುದಿಲ್ಲ, ಟ್ಯೂಬ್ ನೋಡಿದರೆ ಡಾಕ್ಟರಿಗೆ ಅರ್ಧ ಕಥೆ ಗೊತ್ತಾಗುತ್ತದೆ.

ಬೆಳಿಗ್ಗೆ ಎಂಟಕ್ಕೆ ಚೀಟಿ ಮಾಡಿಸಿದವರು ಒಳಗೆ ಹೋದಾಗ ಹನ್ನೊಂದೂವರೆ. ಮೊದಲು ಕಲಿಯುವ ಡಾಕ್ಟರ್ ಒಬ್ಬರು ಎಲ್ಲ ಬರೆದುಕೊಂಡರು. ಆಮೇಲೆ ಹಿರಿಯ ಮೇಡಂ ಬಂದರು. ನನ್ನ ಎರಡೂ ಕೈ ತಿರುಗಿಸಿ ನೋಡಿ, ಪ್ಯಾಚ್ ಟೆಸ್ಟ್ ಚೀಟಿ ಓದಿ, ಒಂದೇ ಪ್ರಶ್ನೆ ಕೇಳಿದರು.

"ತೋಟಕ್ಕೆ ಏನು ಹಾಕ್ಕೊಂಡು ಹೋಗ್ತೀರಿ ಕಾಲಿಗೆ?"

"ಗಂಬೂಟು ಮೇಡಂ. ಉಂಬಳದ (ಜಿಗಣೆಯ) ಕಾಟ."

"ಚಪ್ಪಲಿ ತೆಗೆದು ಮಂಚದ ಮೇಲೆ ಕೂತ್ಕೊಳ್ಳಿ."

ಇಷ್ಟು ತಿಂಗಳಲ್ಲಿ ಒಬ್ಬರೂ ನನ್ನ ಕಾಲು ನೋಡಿರಲಿಲ್ಲ. ಎಡಗಾಲಿನ ಕಿರುಬೆರಳಿನ ಸಂದಿ ಬೆಳ್ಳಗೆ ನೆನೆದು ಸಿಪ್ಪೆ ಎದ್ದಿತ್ತು. ಅಂಗಾಲಿನ ಅಂಚಿನಲ್ಲಿ ಒಣ ಹೊಟ್ಟು. ಹೆಬ್ಬೆರಳಿನ ಉಗುರು ದಪ್ಪವಾಗಿ ಹಳದಿಯಾಗಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಯಾರ ಕಾಲು ನೋಡಿದರೂ ಹೀಗೇ. ಬೆಳಗಿನಿಂದ ಸಂಜೆ ತನಕ ಬೂಟಿನೊಳಗೆ ಬೆವರು, ಮೇಲಿಂದ ಇಳಿದ ಮಳೆನೀರು. ಅದನ್ನು ಯಾರೂ ಕಾಯಿಲೆ ಅನ್ನುವುದೇ ಇಲ್ಲ.

ಪರೀಕ್ಷೆ ಅಲ್ಲೇ, ಪಕ್ಕದ ಕೋಣೆಯಲ್ಲಿ. ಬ್ಲೇಡಿನ ಮೊಂಡು ಅಂಚಿನಿಂದ ಕಾಲ್ಬೆರಳ ಸಂದಿಯ ಸಿಪ್ಪೆ ಕೆರೆದು ಒಂದು ಗಾಜಿನ ಮೇಲೆ ಹಾಕಿದರು. ಕೈಯ ಗುಳ್ಳೆಯ ಸಿಪ್ಪೆ ಇನ್ನೊಂದು ಗಾಜಿಗೆ. ನೋವಿಲ್ಲ, ಸ್ವಲ್ಪ ಕಚಗುಳಿ ಅಷ್ಟೇ. ಎರಡಕ್ಕೂ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಬಿಟ್ಟರು. ಆ ದ್ರಾವಣಕ್ಕೆ ಚರ್ಮದ ಕಣಗಳು ಕರಗಿ ತಿಳಿಯಾಗುತ್ತವೆ, ಶಿಲೀಂಧ್ರ ಅಂದರೆ ಫಂಗಸ್ ಕರಗುವುದಿಲ್ಲ. ಇದಕ್ಕೆ ಕೆಒಎಚ್ ಪರೀಕ್ಷೆ ಅನ್ನುತ್ತಾರೆ. ನೂರು ರೂಪಾಯಿಯೂ ಆಗಲಿಲ್ಲ. ಫಂಗಸ್ ಮುಲಾಮು ಹಚ್ಚುತ್ತಿದ್ದರೆ ಇದರಲ್ಲಿ ಏನೂ ಕಾಣದೆ ಹೋಗಬಹುದು. ಪರೀಕ್ಷೆಗೆ ಎಷ್ಟು ದಿನ ಮುಂಚೆ ಮುಲಾಮು ನಿಲ್ಲಿಸಬೇಕು ಅಂತ ಡಾಕ್ಟರಿಗೆ ಕೇಳಿಕೊಂಡೇ ಹೋಗಿ.

ಮೇಡಂ ನನ್ನನ್ನೇ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಕಾಲಿನ ಸಿಪ್ಪೆಯಲ್ಲಿ ಉದ್ದುದ್ದ ಎಳೆಗಳು, ಅಲ್ಲಲ್ಲಿ ಕವಲೊಡೆದು ಹೋಗಿದ್ದವು. ಕೈಯದರಲ್ಲಿ ಬರೀ ಚರ್ಮದ ಕಣ. ಎಳೆ ಒಂದೂ ಇಲ್ಲ.

ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಕಾಲಿನ ಫಂಗಸ್ ಕೈಗೆ ಹರಡಿಲ್ಲ. ಅದು ಕಾಲಲ್ಲೇ ಇದೆ. ಅದರ ಪ್ರೋಟೀನುಗಳನ್ನು ಮೈಯ ರಕ್ಷಣಾ ವ್ಯವಸ್ಥೆ ಗುರುತು ಹಿಡಿದು ಸಿಟ್ಟಿಗೆದ್ದಿದೆ. ಆ ಸಿಟ್ಟು ದೂರದ ಚರ್ಮದಲ್ಲಿ, ಹೆಚ್ಚಾಗಿ ಕೈಬೆರಳಿನ ಪಕ್ಕದಲ್ಲಿ, ಅಂಗೈಯಲ್ಲಿ, ತುರಿಸುವ ಗುಳ್ಳೆಯಾಗಿ ಏಳುತ್ತದೆ. ಡಾಕ್ಟರುಗಳು ಇದನ್ನು ಇಡ್ ರಿಯಾಕ್ಷನ್ ಅನ್ನುತ್ತಾರೆ. ಫಂಗಸ್‌ನಿಂದ ಬಂದದ್ದಾದರೆ ಡರ್ಮಾಟೋಫೈಟಿಡ್ ಅಂತ ಹೆಸರು. ಹೀಗೆ ಚರ್ಮದ ಫಂಗಸ್ ಇರುವವರಲ್ಲಿ ನೂರಕ್ಕೆ ನಾಲ್ಕೈದು ಜನರಿಗೆ ಇದು ಬರಬಹುದಂತೆ. ಕೈಯಿಂದ ಬೇರೆಯವರಿಗೆ ಅಂಟುವುದಿಲ್ಲ, ಕೈಯಲ್ಲಿ ರೋಗಾಣುವೇ ಇಲ್ಲವಲ್ಲ. ಈ ಮಾತು ಕೇಳಿದಾಗ ನನಗೆ ಆ ಮದುವೆ ಮನೆ ನೆನಪಾಯಿತು. ಮನಸ್ಸು ಹಗುರವಾಯಿತು.

ಆದರೆ ಅವರು ಇನ್ನೊಂದು ಮಾತು ಸೇರಿಸಿದರು. ಇದು ಅದೇ ಕಾಯಿಲೆ ಅನ್ನಲು ಮೂರು ವಿಷಯ ಕೂಡಿಬರಬೇಕು. ಬೇರೆಲ್ಲೋ ಒಂದು ಕಡೆ ಫಂಗಸ್ ಸಿಗಬೇಕು. ಗುಳ್ಳೆ ಇರುವ ಜಾಗದಲ್ಲಿ ಫಂಗಸ್ ಸಿಗಬಾರದು. ಮೊದಲಿನ ಜಾಗ ವಾಸಿಯಾದಾಗ ಗುಳ್ಳೆಯೂ ಹೋಗಬೇಕು. "ಎರಡು ಸಿಕ್ಕಿದೆ. ಮೂರನೆಯದು ನೀವು ಮಾತ್ರೆ ಸರಿಯಾಗಿ ತಗೊಂಡ ಮೇಲೆ ಗೊತ್ತಾಗತ್ತೆ" ಅಂದರು. ಅಂದರೆ ಕಾಯಿಲೆಯ ಹೆಸರು ಗಟ್ಟಿಯಾಗಬೇಕಾದರೂ ನಾನು ಕಾಯಬೇಕಿತ್ತು. ಆ ಕಾಯುವಿಕೆಗೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ.

ನನ್ನ ಸರದಿ ಮುಗಿಯುವಷ್ಟರಲ್ಲಿ ಮೇಡಂ ಹೆಂಡತಿಯ ಕಡೆ ತಿರುಗಿ, "ನಿಮಗೆ ಎಲ್ಲಾದ್ರೂ ತುರಿಕೆ ಇದೆಯಾ ಅಮ್ಮ?" ಅಂತ ಕೇಳಿದರು. ಅವಳು ಹೇಳಲು ಹಿಂಜರಿದಳು. ಆಮೇಲೆ ಪರದೆಯ ಹಿಂದೆ ತೋರಿಸಿದಳು. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಸೊಂಟದ ಸುತ್ತ ಹುಳಕಡ್ಡಿ, ಅಂದರೆ ಗಜಕರ್ಣ, ಚರ್ಮದ ಫಂಗಸ್. ನನಗೆ ತಂದ ಅದೇ ಟ್ಯೂಬನ್ನು ಅವಳೂ ಹಚ್ಚುತ್ತಿದ್ದಳು. ಹಚ್ಚಿದಾಗ ತುರಿಕೆ ಕಮ್ಮಿ, ಆದರೆ ಸುತ್ತು ದೊಡ್ಡದಾಗುತ್ತಲೇ ಹೋಗಿತ್ತು. ಚರ್ಮ ತೆಳ್ಳಗಾಗಿ ಗೀರು ಬಿದ್ದಿತ್ತು.

ಆ ಟ್ಯೂಬಿನಲ್ಲಿ ಇದ್ದದ್ದು ಕ್ಲೋಬೆಟಸಾಲ್ ಅನ್ನುವ ಬಹಳ ಜೋರಾದ ಸ್ಟೀರಾಯ್ಡ್, ಜೊತೆಗೆ ಒಂದು ಫಂಗಸ್ ಔಷಧಿ, ಒಂದು ಆಂಟಿಬಯಾಟಿಕ್. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ. ಅದೇ ಹೊತ್ತಿಗೆ ಆ ಜಾಗದ ರಕ್ಷಣೆಯನ್ನೂ ಕುಗ್ಗಿಸುತ್ತದೆ, ಫಂಗಸ್ ಆರಾಮಾಗಿ ಬೆಳೆಯುತ್ತದೆ. ನನ್ನ ಕೈಗೆ ಅದು ತಾತ್ಕಾಲಿಕ ಸುಖ ಕೊಟ್ಟಿತ್ತು, ಅಲ್ಲಿ ಫಂಗಸ್ ಇರಲಿಲ್ಲ. ಅವಳ ಸೊಂಟದಲ್ಲಿ ಫಂಗಸ್ ಇತ್ತು, ಅದಕ್ಕೇ ಹರಡಿತು. ದಯವಿಟ್ಟು ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿಸಿಕೊಳ್ಳಿ. ಕ್ಲೋಬೆಟಸಾಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಇವೆಲ್ಲ ಸ್ಟೀರಾಯ್ಡುಗಳು. ಇವನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 2018ರಲ್ಲೇ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳಿಗೆ ಇದ್ದ ವಿನಾಯಿತಿ ತೆಗೆದು ಶೆಡ್ಯೂಲ್ ಎಚ್ ನಿಯಮದ (ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಿಗಳ ಪಟ್ಟಿ) ಒಳಗೆ ತಂದಿದೆ. ಆದರೂ ನಮ್ಮ ಹಳ್ಳಿ ಪೇಟೆಗಳಲ್ಲಿ ತುರಿಕೆ ಅಂದರೆ ಸಾಕು, ಕೈಗೆ ಬರುವುದು ಅದೇ ಟ್ಯೂಬ್. ನನಗೆ ಇದರ ಬಗ್ಗೆ ತುಂಬಾ ಬೇಸರವಿದೆ. ಗಜಕರ್ಣ ವರ್ಷಗಟ್ಟಲೆ ವಾಸಿಯಾಗದೆ ನರಳುವ ಎಷ್ಟೋ ಜನರ ಕಥೆ ಇಲ್ಲಿಂದಲೇ ಶುರುವಾಗುತ್ತದೆ.

ಮಾತ್ರೆಗೆ ಮುಂಚೆ ರಕ್ತ ಪರೀಕ್ಷೆ. ರಕ್ತಕಣಗಳ ಲೆಕ್ಕ, ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ, ಲಿವರ್. ಸಕ್ಕರೆ ಕಾಯಿಲೆ ಇದ್ದವರಿಗೆ ಫಂಗಸ್ ಬಿಡದೆ ಕಾಡುತ್ತದೆ, ಅದಕ್ಕೆ ಆ ಪರೀಕ್ಷೆ. ಹೊರಗಿನ ಲ್ಯಾಬಿನಲ್ಲಿ ಸಾವಿರ ರೂಪಾಯಿಯ ಹತ್ತಿರ ಆಯಿತು. ಉಸಿರಾಟದ ತೊಂದರೆ ಇದೆಯಾ, ಕಾಲು ಊದುತ್ತದಾ, ಹೃದಯಕ್ಕೆ ಮಾತ್ರೆ ಇದೆಯಾ, ಕೊಲೆಸ್ಟ್ರಾಲಿಗೆ ಏನಾದರೂ ತಗೊಳ್ಳುತ್ತೀರಾ ಅಂತೆಲ್ಲ ಕೇಳಿದರು. ಹೆಂಡತಿಗೆ ಗರ್ಭಿಣಿಯಾಗಿದ್ದೀರಾ ಅಂತ ಕೇಳಿ ಖಾತ್ರಿ ಮಾಡಿಕೊಂಡರು. ಯಾಕಂದರೆ ಬರೆಯಲಿದ್ದದ್ದು ಇಟ್ರಾಕೊನಜೋಲ್ ಅನ್ನುವ ಫಂಗಸ್ ಮಾತ್ರೆ. ಹೃದಯದ ಶಕ್ತಿ ಕುಗ್ಗಿದವರಿಗೆ ಅದು ಆಗಬರುವುದಿಲ್ಲ. ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳ ಜೊತೆ ಸೇರಿದರೆ ಅಪಾಯ. ಗರ್ಭಿಣಿಯರಿಗೆ ಕೊಡುವುದಿಲ್ಲ.

ನನಗೆ ಗ್ಯಾಸ್ಟ್ರಿಕ್ ಇದೆ. ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೆ. ಅದನ್ನು ಕೇಳಿದ ಮೇಡಂ ತಕ್ಷಣ ನಿಲ್ಲಿಸಿದರು. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕು. ಆಮ್ಲ ಇಳಿಸುವ ಮಾತ್ರೆ ಜೊತೆಗಿದ್ದರೆ ದುಡ್ಡು ಕೊಟ್ಟ ಔಷಧಿಯ ಬಹುಪಾಲು ಸುಮ್ನೆ ಹೋಗುತ್ತದೆ. ಖಾಲಿ ಹೊಟ್ಟೆಗೂ ತಗೊಳ್ಳಬಾರದು, ಊಟದ ಬೆನ್ನಿಗೇ ತಗೊಳ್ಳಬೇಕು. ಇದನ್ನು ಎಷ್ಟೋ ಜನರಿಗೆ ಯಾರೂ ಹೇಳುವುದಿಲ್ಲ. ಫಂಗಸ್ ಮಾತ್ರೆ ಕೆಲಸ ಮಾಡಲಿಲ್ಲ ಅನ್ನುವ ಮೊದಲು ಇದನ್ನೊಮ್ಮೆ ನೋಡಿಕೊಳ್ಳಿ.

ನನಗೆ ಬರೆದದ್ದು 100 ಮಿಲಿಗ್ರಾಂ ಕ್ಯಾಪ್ಸೂಲ್, ದಿನಕ್ಕೆ ಎರಡು. ಕಾಲಿಗೆ ಲುಲಿಕೊನಜೋಲ್ ಮುಲಾಮು, ಕಾಣುವ ಅಂಚಿಗಿಂತ ಎರಡು ಬೆರಳು ಆಚೆ ತನಕ. ಕೈಗೆ ಮಾತ್ರ ಹದವಾದ ಒಂದು ಸ್ಟೀರಾಯ್ಡ್, ಅದೂ ಕೆಲವೇ ದಿನ, ಅಪ್ಪಿತಪ್ಪಿಯೂ ಕಾಲಿಗೆ ತಾಗಿಸಬಾರದು ಅಂತ ಎರಡೆರಡು ಸಲ ಹೇಳಿದರು. ನಾವು ಗೊಂದಲ ಆಗದಿರಲಿ ಅಂತ ಕೈಯ ಟ್ಯೂಬಿಗೆ ಕೆಂಪು ದಾರ ಕಟ್ಟಿಟ್ಟೆವು. ಕ್ಯಾಪ್ಸೂಲಿನ ಬೆಲೆ ಅಂಗಡಿಯಿಂದ ಅಂಗಡಿಗೆ ತುಂಬಾ ಬೇರೆ ಬೇರೆ. ಇಬ್ಬರಿಗೂ ಸೇರಿ ಔಷಧಿಗೇ ಐದು ಸಾವಿರ ದಾಟಿತು. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ, ಆದರೆ ಡಾಕ್ಟರಿಗೆ ತಿಳಿಸಿಯೇ ಬದಲಾಯಿಸಿ.

ಮಾತ್ರೆ ಶುರು ಮಾಡಿ ನಾಲ್ಕೈದು ದಿನಕ್ಕೆ ಕೈ ಇನ್ನೂ ಹದಗೆಟ್ಟಿತು. ಅಂಗೈಯಲ್ಲೂ ಗುಳ್ಳೆ ಎದ್ದವು, ಮೊಣಕೈ ಹತ್ತಿರ ಸಣ್ಣ ಕೆಂಪು ಚುಕ್ಕೆ. ಅಮ್ಮ ಹೆದರಿದಳು. "ಆ ಮಾತ್ರೆ ಉಷ್ಣ, ಬಿಟ್ಟುಬಿಡು ಮಗಾ" ಅಂತ ಹಟ ಹಿಡಿದಳು. ನನಗೂ ಧೈರ್ಯ ಹೋಗಿತ್ತು. ಚೀಟಿಯ ಹಿಂದೆ ವಿಭಾಗದ ನಂಬರ್ ಬರೆಸಿಕೊಂಡು ಬಂದಿದ್ದು ಆಗ ಉಪಯೋಗಕ್ಕೆ ಬಂತು. ಫೋನ್ ಎತ್ತಿದ ಕಲಿಯುವ ಡಾಕ್ಟರ್ ಸಮಾಧಾನದಿಂದ ಕೇಳಿದರು. ತುಟಿ, ಮುಖ ಊದಿದೆಯಾ, ಉಸಿರು ಕಟ್ಟುತ್ತಾ, ಬಾಯಲ್ಲಿ ಹುಣ್ಣು, ಜ್ವರ, ಕಣ್ಣು ಹಳದಿ ಇದೆಯಾ? ಇವು ಯಾವುದೂ ಇಲ್ಲ ಅಂದೆ. ಫೋಟೊ ಕಳಿಸಲು ಹೇಳಿದರು. ಸಂಜೆ ವಾಪಸ್ ಕರೆ ಬಂತು. ಫಂಗಸ್ ಸಾಯುವ ಹೊತ್ತಿಗೆ ಮೈಗೆ ಅದರ ಪ್ರೋಟೀನು ಜಾಸ್ತಿ ಸಿಕ್ಕಿ ಒಮ್ಮೊಮ್ಮೆ ಹೀಗೆ ಕೆರಳುವುದುಂಟು, ಮಾತ್ರೆ ನಿಲ್ಲಿಸಬೇಡಿ ಅಂದರು. ಆದರೆ ಆ ಲಕ್ಷಣಗಳಲ್ಲಿ ಒಂದು ಕಂಡರೂ ಮಾತ್ರೆ ಬಿಟ್ಟು ತಕ್ಷಣ ಆಸ್ಪತ್ರೆಗೆ ಬನ್ನಿ ಅಂದರು. ಇದು ಮಾತ್ರೆಯ ಅಲರ್ಜಿಯೋ ಅಲ್ಲವೋ ಅನ್ನುವುದನ್ನು ಮನೆಯಲ್ಲಿ ಕೂತು ನಾವೇ ತೀರ್ಮಾನ ಮಾಡುವ ಹಾಗಿಲ್ಲ. ಕೇಳಲೇಬೇಕು.

ಆ ವಾರ ಕಷ್ಟದ್ದು. ನಿದ್ದೆ ಇಲ್ಲ. ರಾತ್ರಿ ಎದ್ದು ಒದ್ದೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂರುತ್ತಿದ್ದೆ. ತುರಿಕೆಗೆ ಕೊಟ್ಟ ರಾತ್ರಿ ಮಾತ್ರೆ ಮಾರನೇ ದಿನ ಬೆಳಿಗ್ಗೆಯೂ ತೂಕಡಿಕೆ ತರುತ್ತಿತ್ತು, ಬೈಕ್ ಮುಟ್ಟಲಿಲ್ಲ. ಎರಡನೇ ವಾರದ ಕೊನೆಗೆ ಹೊಸ ಗುಳ್ಳೆ ಬರುವುದು ನಿಂತಿತು. ಮೂರನೇ ವಾರ ಕೈಗೆ ಹಚ್ಚುವ ಮುಲಾಮೂ ನಿಂತಿತ್ತು. ಆದರೂ ಗುಳ್ಳೆ ವಾಪಸ್ ಬರಲಿಲ್ಲ. ಅಷ್ಟು ತಿಂಗಳಲ್ಲಿ ಮುಲಾಮು ಬಿಟ್ಟ ಮೇಲೂ ಕೈ ಸುಮ್ಮನಿದ್ದದ್ದು ಅದೇ ಮೊದಲು. ಮೇಡಂ ಹೇಳಿದ ಮೂರನೇ ವಿಷಯ ಸಿಕ್ಕಿತು.

ಮಾತ್ರೆಗಿಂತ ಕಷ್ಟದ ಕೆಲಸ ಮನೆಯದು. ಟವೆಲ್, ಹಾಸಿಗೆ, ಒಳಉಡುಪು ಎಲ್ಲ ಬೇರೆ ಬೇರೆ. ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಒಳಮೈ ಹೊರಗೆ ಮಾಡಿ ಒಣಹಾಕಬೇಕು. ನಮ್ಮಲ್ಲಿ ಬಿಸಿಲಿಲ್ಲದ ದಿನ ಅಡಿಕೆ ಡ್ರೈಯರ್ ಕೋಣೆಯಲ್ಲಿ ಒಣಗಿಸಿದೆವು. ಗಂಬೂಟು ಎರಡು ಜೊತೆ ಮಾಡಿಕೊಂಡೆ. ಒಂದು ದಿನ ಒಂದು, ಇನ್ನೊಂದು ಒಳಗೆ ಹಳೆ ಪೇಪರ್ ತುಂಬಿ ಒಲೆಯಿಂದ ಸ್ವಲ್ಪ ದೂರ. ಹತ್ತಿಯ ಸಾಕ್ಸ್, ಮಧ್ಯಾಹ್ನ ಊಟಕ್ಕೆ ಬಂದಾಗ ಬದಲಾಯಿಸುವುದು. ಕಾಲು ತೊಳೆದ ಮೇಲೆ ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸುವುದು. ಇದಕ್ಕೆ ಎರಡು ನಿಮಿಷ ಸಾಕು. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡನಿಗೂ ಕಾಲು ತೋರಿಸು ಅಂದೆ, ಅವನ ಸಂದಿಗಳೂ ಹಾಗೇ ಇದ್ದವು. ಅವನನ್ನೂ ಕರೆದುಕೊಂಡು ಹೋದೆ.

ಬರುವ ಹೋಗುವ ದಿನಗಳಲ್ಲಿ ಸರದಿಯಲ್ಲಿ ಕೂತವರ ಜೊತೆ ಮಾತಾಡಿ ತಿಳಿದದ್ದನ್ನೂ ಬರೆಯಬೇಕು. ಗಂಟಲು ನೋವು ಬಂದು ಎರಡು ಮೂರು ವಾರಕ್ಕೆ ಮೈಯೆಲ್ಲ ಹೊಟ್ಟೇಳುವ ಚುಕ್ಕೆ ಬಂದ ಹುಡುಗನೊಬ್ಬ ಇದ್ದ. ಅದು ಸ್ಟ್ರೆಪ್ಟೊಕಾಕಸ್ ಗಂಟಲು ಸೋಂಕಿನ ಬೆನ್ನಿಗೆ ಬರುವ ಒಂದು ಬಗೆಯ ಸೋರಿಯಾಸಿಸ್. ಹೊಸನಗರ ಕಡೆಯ ಒಬ್ಬ ಅಕ್ಕನಿಗೆ ತಿಂಗಳುಗಟ್ಟಲೆ ದಿನಾ ಪಿತ್ತದ ಗಂಧೆ ಏಳುತ್ತಿತ್ತು. ಎಲ್ಲ ಸೋಂಕಿನ ಪರೀಕ್ಷೆ ಮಾಡಿಸಿ ಅಂತ ಯಾರೋ ಹೇಳಿ ಅವರು ಹದಿನೈದು ಸಾವಿರ ಕಳೆದುಕೊಂಡಿದ್ದರು. ಮೇಡಂ ಅವರಿಗೆ ಹೇಳಿದ್ದು ನನಗೂ ಕೇಳಿಸಿತು. ಆರು ವಾರಕ್ಕಿಂತ ಜಾಸ್ತಿ ನಡೆಯುವ ಗಂಧೆಗೆ ಬಹಳ ಸಲ ಹೊರಗಿನ ಕಾರಣವೇ ಸಿಗುವುದಿಲ್ಲ. ಹಲ್ಲು ನೋವು, ಹೊಟ್ಟೆ ಉರಿ, ಜಂತುಹುಳುವಿನ ಲಕ್ಷಣ ಏನಾದರೂ ಇದ್ದರೆ ಆ ದಾರಿ ಹಿಡಿದು ನೋಡಬೇಕು, ಸುಮ್ನೆ ಪಟ್ಟಿ ಹಿಡಿದು ಎಲ್ಲ ಪರೀಕ್ಷೆ ಮಾಡಿಸಬಾರದು. ಹಾಗಾಗಿ ನನ್ನ ಕಥೆ ಓದಿ ಪ್ರತಿ ತುರಿಕೆಗೂ ಒಳಗೆಲ್ಲೋ ಸೋಂಕಿದೆ ಅಂದುಕೊಳ್ಳಬೇಡಿ. ಕಾಲು, ಉಗುರು, ತೊಡೆಸಂದಿ, ತಲೆ, ಹಲ್ಲು ಇವನ್ನು ಡಾಕ್ಟರ್ ಕೇಳದಿದ್ದರೂ ನೀವಾಗಿ ತೋರಿಸಿ. ಅದಕ್ಕೆ ದುಡ್ಡು ಬೇಡ.

ಮೊದಲ ದಿನ ಕಾಲಿನ ಸಿಪ್ಪೆಯನ್ನು ಕಲ್ಚರಿಗೂ, ಅಂದರೆ ಫಂಗಸ್ ಬೆಳೆಸಿ ಯಾವುದು ಅಂತ ಗುರುತಿಸುವ ಪರೀಕ್ಷೆಗೂ, ಕಳಿಸಿದ್ದರು. ಫಂಗಸ್ ನಿಧಾನ ಬೆಳೆಯುವ ಜೀವಿ, ನಾಲ್ಕು ವಾರ ಕಾಯಬೇಕು. ವರದಿ ಬಂದಾಗ ಟ್ರೈಕೋಫೈಟಾನ್ ಮೆಂಟಾಗ್ರೋಫೈಟಿಸ್ ಗುಂಪು ಅಂತ ಇತ್ತು. ಇದೇ ಗುಂಪಿಗೆ ಹತ್ತಿರದ ಒಂದು ಬಗೆಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟಿದ್ದಾರೆ. ಅದರ ಹಲವು ತಳಿಗಳಿಗೆ ಟರ್ಬಿನಾಫಿನ್ ಅನ್ನುವ ಇನ್ನೊಂದು ಫಂಗಸ್ ಮಾತ್ರೆ ನಾಟುವುದೇ ಇಲ್ಲ. ಯಾರಿಗೋ ವಾಸಿಯಾದ ಮಾತ್ರೆಯನ್ನು ಇನ್ನೊಬ್ಬರು ಅಂಗಡಿಯಲ್ಲಿ ಕೇಳಿ ತಗೊಂಡರೆ ಆಗುವುದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ತುರಿಕೆ ನಿಂತ ಕೂಡಲೇ ಮಾತ್ರೆ ಬಿಡುವವರೇ ಜಾಸ್ತಿ ಅಂತ ಮೇಡಂ ಬೇಜಾರು ಮಾಡಿಕೊಂಡರು. ಕಾಲು ಪೂರ್ತಿ ಸರಿ ಕಂಡ ಮೇಲೂ ಎರಡು ವಾರ ಮುಂದುವರಿಸಿದೆವು. ನಡುವೆ ಒಮ್ಮೆ ಲಿವರ್ ಪರೀಕ್ಷೆ ಮತ್ತೆ ಮಾಡಿಸಿದರು, ಸರಿಯಿತ್ತು. ಹೆಂಡತಿಯದು ನನ್ನದಕ್ಕಿಂತ ನಿಧಾನವಾಯಿತು, ಆ ಟ್ಯೂಬಿನಿಂದ ಕೆಟ್ಟ ಚರ್ಮ ಸುಧಾರಿಸಲು ಸಮಯ ಬೇಕು. ಹುಳಕಡ್ಡಿ ಹೋಗಿದೆ, ಗೀರು ಉಳಿದಿವೆ. ಅವು ಪೂರ್ತಿ ಹೋಗುವುದಿಲ್ಲವಂತೆ. ಅದನ್ನು ಕೇಳಿ ಅವಳು ಸುಮ್ಮನಾದಳು.

ಈ ಸಲದ ಸುಲಿತಕ್ಕೆ ಕೊನೆಯ ಹತ್ತು ಹನ್ನೆರಡು ದಿನ ನಾನೂ ಕೂತೆ, ಹತ್ತಿ ಕೈಗವಸಿನ ಮೇಲೆ ರಬ್ಬರ್ ಕೈಗವಸು ಹಾಕಿಕೊಂಡು. ಉಳಿದಿರುವುದು ಹೆಬ್ಬೆರಳಿನ ಉಗುರು. ಅದರೊಳಗೆ ಫಂಗಸ್ ಉಳಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಸಂದಿಗೆ ಇಳಿಯಬಹುದು. ಕಾಲಿನ ಉಗುರು ಬುಡದಿಂದ ತುದಿ ತನಕ ಹೊಸದಾಗಲು ಒಂದು ವರ್ಷದ ಮೇಲೆ ಹಿಡಿಯುತ್ತದೆ. ಉಗುರಿನ ತುಂಡು ಕತ್ತರಿಸಿ ಕಲ್ಚರಿಗೆ ಕೊಟ್ಟು ಬಂದಿದ್ದೇನೆ. ವರದಿ ನೋಡಿ ಉಗುರಿಗೆ ಹಚ್ಚುವ ಔಷಧಿಯೋ ಮಾತ್ರೆಯೋ ಅಂತ ಯುಗಾದಿ ಕಳೆದ ಮೇಲೆ ಹೇಳುತ್ತಾರೆ.